ದೊಡ್ಡಪ್ಪನ ಹೊಲದ ಮೇಲಿನ ಬೆಳಕು

ಮೊನ್ನೆ ನನ್ನ ಕತ್ತು ಹಿಡಿದುಕೊಂಡಿತೆಂದು ಅವ್ವ ನೋವಿನ ಬಾಮು ಹಚ್ಚಿದಳು. ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಹಿಂದೆ ನಮ್ಮ ಮೇಲಿನ ಕೋಣೆಯಲ್ಲಿದ್ದ ಸರ್ ಪಕ್ಕದಲ್ಲೇ ಬಂದು ನಿಂತಂತಾಯಿತು. ಅವರ ಅಂಗಿಗೆ, ಕುರ್ಚಿಗೆ, ಕೊನೆಗೆ ಅವರು ಕೊಡುತ್ತಿದ್ದ ಚಹಾಕ್ಕೂ ಅದೇ ವಾಸನೆ. ವ್ಯತ್ಯಾಸ ಇಷ್ಟೇ... ಅವರ ಕತ್ತು ಆಕಾಶ ನೋಡಿ ನೋಯುತ್ತಿತ್ತು, ನನ್ನದು ಮೊಬೈಲು ನೋಡಿ.

ಸರ್ ಕಂಪ್ಲಿ ಕಡೆಯವರು. ಸಂಡೂರಿನ ಒಂದು ಮೈನ್ಸ್ ಆಫೀಸಿನಲ್ಲಿ ಕೆಲಸ ಸಿಕ್ಕಿ, ನಮ್ಮ ಮಾಳಿಗೆ ಮೇಲಿನ ಕೋಣೆಗೆ ಬಾಡಿಗೆಗೆ ಬಂದಿದ್ದರು. ನಾನಾಗ ಡಿಗ್ರಿ ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದೂ ನನ್ನ ಮಿಮಿಕ್ರಿಗಳಲ್ಲಿ ಒಂದು. ಓಣಿಯವರ ದನಿಗಳೆಲ್ಲ ನನ್ನ ಗಂಟಲಲ್ಲಿದ್ದವು. ಸರ್ ಅವರದೂ ಬೇಗನೇ ಬಂದು ಸೇರಿತು. ಮೂಗಿನಿಂದ ಹೊರಟು, ಪ್ರತಿ ಮಾತಿನ ಕೊನೆಗೂ "ನೋಡ್ರಿ ಬೇಕಾದ್ರ" ಎಂದು ನಿಲ್ಲುವ ದನಿ.

ಸಂಜೆ ಆಫೀಸಿನಿಂದ ಬಂದವರೇ ಮುಖದ ಕೆಂಪು ಧೂಳು ತೊಳೆದು, ಮಾಳಿಗೆಯ ಮೇಲೆ ಮೂರು ಕಾಲಿನ ಸ್ಟ್ಯಾಂಡ್ ಇಟ್ಟು, ಅದರ ಮೇಲೆ ದುರ್ಬೀನು ಕೂಡಿಸುತ್ತಿದ್ದರು. ಅನುಮಾನ ಶುರುವಾದದ್ದೇ ಅಲ್ಲಿಂದ. ನಮ್ಮೂರಲ್ಲಿ ಮೂರು ಕಾಲಿನ ಸ್ಟ್ಯಾಂಡ್ ಅಂದರೆ ಸರ್ವೆ. ಸರ್ವೆ ಅಂದರೆ ಗಣಿಗಾಗಿ ಯಾರದೋ ಹೊಲಕ್ಕೆ ಕುತ್ತು.

ಎದುರು ಮನೆಯ ದೊಡ್ಡಪ್ಪನ ಹೊಲ ಪಡುವಣ ಗುಡ್ಡದ ಬುಡದಲ್ಲಿತ್ತು. ಅದರ ಮೇಲೆ ಯಾರೋ ಡ್ರೋನ್ ಹಾರಿಸಿ ಹೋದದ್ದನ್ನು ಅವನು ಒಮ್ಮೆ ಕಣ್ಣಾರೆ ಕಂಡಿದ್ದ. ಈಗ ನೋಡಿದರೆ ಹೊತ್ತು ಮುಳುಗುತ್ತಲೇ ಅದೇ ಹೊಲದ ಮೇಲೆ, ಗುಡ್ಡದ ನೆತ್ತಿಗೆ, ಒಂದು ಬೆಳ್ಳನೆಯ ಬೆಳಕು. ಮಿಣುಕುವುದಿಲ್ಲ, ಅಲುಗುವುದಿಲ್ಲ. ಸರ್ ಅವರ ದುರ್ಬೀನೂ ಅದರ ಕಡೆಗೇ.

"ಲೇ, ಮ್ಯಾಲೆ ಅದು ಹಾರತೈತಿ, ಇಲ್ಲಿ ಇಂವ ನಡಸ್ತಾನ" ಎಂದ ದೊಡ್ಡಪ್ಪ, ದನಿ ತಗ್ಗಿಸಿ.

ಪತ್ತೇದಾರಿಕೆಗೆ ನನ್ನನ್ನೇ ಮೇಲೆ ಅಟ್ಟಿದ. ನನಗೂ ಸರ್ ಮೇಲೆ ನಂಬಿಕೆ ಇರಲಿಲ್ಲ ಅನ್ನಿ. "ಅದು ಶುಕ್ರರೀ. ನೋಡ್ರಿ ಬೇಕಾದ್ರ" ಎಂದು ಸರ್ ಜಾಗ ಬಿಟ್ಟರು. ಕಣ್ಣಿಟ್ಟರೆ ಒಳಗೆ ಪುಟ್ಟ ಚಂದ್ರನ ಹೋಳು! ಚುಕ್ಕಿ ನೋಡಲು ಹೋದವನಿಗೆ ಚಂದ್ರನನ್ನು ತೋರಿಸುವವನು ಎಂಥ ಮನುಷ್ಯ? "ಒಳಗ ಸ್ಟಿಕ್ಕರ್ ಹಚ್ಚೀರೇನ್ರಿ ಸರ್?" ಎಂದು ಗಾಜನ್ನು ಬೆರಳಿನಿಂದ ಉಜ್ಜಿಯೂ ನೋಡಿದೆ. ಸ್ಟಿಕ್ಕರ್ ಏಳಲಿಲ್ಲ. ಸರ್ ಬಿದ್ದು ಬಿದ್ದು ನಕ್ಕರು. ಶುಕ್ರನೂ ಚಂದ್ರನಂತೆಯೇ ಹೆಚ್ಚುಕಡಿಮೆ ಆಗುತ್ತಾನೆ ಎಂದರು. ನಾನು ತಲೆಯಾಡಿಸಿದೆ. ನಂಬಲಿಲ್ಲ.

ಅಮಾವಾಸ್ಯೆಯ ದಿನ ದೊಡ್ಡಪ್ಪ ಅಪ್ಪನಿಗೆ ಕಡ್ಡಿ ಮುರಿದಂತೆ ಹೇಳಿದ. "ಇಂವನ್ನ ಖಾಲಿ ಮಾಡಸು. ಇಲ್ಲಾಂದ್ರ ನಮ್ಮ ನಿಮ್ಮ ಬಳಕಿ ಇವತ್ತಿಗೆ ಮುಗೀತು."

ಅಪ್ಪ ಮೆಟ್ಟಿಲು ಹತ್ತಿದ. ಹಿಂದೆ ನಾನು. ಸರ್ ಪೂರ್ತಿ ಕೇಳಿಸಿಕೊಂಡು ಹೇಳಿದರು: "ಇವತ್ತು ಚಂದ್ರ ಇಲ್ಲ. ಮೂರನೇ ದಿನ ಸಂಜಿಗೆ ಆ ಬೆಳಕಿನ ಬಾಜೂಕ ಬಂದು ನಿಂದರತಾನ. ಡ್ರೋನ್ ಕರದ್ರ ಚಂದ್ರ ಬರ್ತಾನೇನ್ರಿ? ಬರಲಿಲ್ಲಾಂದ್ರ ನಾನ ರೂಮು ಖಾಲಿ ಮಾಡ್ತೀನಿ. ನೋಡ್ರಿ ಬೇಕಾದ್ರ."

"ಬಂದ್ರ ನೀವು ಇಲ್ಲೇ ಇರ್ರಿ ಸರ್ರ" ಎಂದ ಅಪ್ಪ.

ಮೂರನೇ ದಿನ ಓಣಿಗೆ ಓಣಿಯೇ ನಮ್ಮ ಮಾಳಿಗೆ ಮೇಲಿತ್ತು. ಲಾರಿಗಳ ಧೂಳು ಪಡುವಣದಲ್ಲಿ ಪರದೆಯಂತೆ ಎದ್ದಿತ್ತು. ಸರ್ ಕತ್ತಿಗೆ ಬಾಮು ತಿಕ್ಕಿದ್ದೇ ತಿಕ್ಕಿದ್ದು. ಧೂಳು ಇಳಿಯಿತು. ಮೊದಲು ಬೆಳಕು ಕಂಡಿತು. ಅದರ ಪಕ್ಕದಲ್ಲೇ, ಉಗುರು ಕತ್ತರಿಸಿ ಒಗೆದಂತೆ, ಚಂದ್ರ.

ಸರ್ ದೊಡ್ಡಪ್ಪನ ಕಡೆ ತಿರುಗಿ ಸಣ್ಣಗೆ ನಕ್ಕರು.

ದೊಡ್ಡಪ್ಪ ನಗಲಿಲ್ಲ. "ಮೂರು ದಿನ ಮೊದಲಾ ನಿಮಗ ಹೆಂಗ ಗೊತ್ತಾತು?"

"ಲೆಕ್ಕ ಇರತೈತ್ರಿ."

"ಚಂದ್ರನ ಲೆಕ್ಕ ಇರೋರ ಹತ್ರ ನನ್ನ ಹೊಲದ ಲೆಕ್ಕ ಇರಂಗಿಲ್ಲೇನು?"

ಒಬ್ಬೊಬ್ಬರೇ ಕೆಳಗಿಳಿದರು... ಇಳಿಯುವಾಗ ಪ್ರತಿಯೊಬ್ಬರೂ ಹಿಂತಿರುಗಿ ನೋಡಿದ್ದು ಚಂದ್ರನನ್ನಲ್ಲ, ಸರ್ ಅವರನ್ನು.

ಅಪ್ಪ ಮಾತಿಗೆ ತಪ್ಪುವವನಲ್ಲ, ಇರಿ ಎಂದೇ ಹೇಳಿದ. ಆದರೂ ತಿಂಗಳ ಕೊನೆಗೆ ಸರ್ ಸಾಮಾನು ಹೇರಲು ಟಂಟಂ ಗಾಡಿ ತರಿಸಿದರು. "ಯಾಕ್ರಿ ಸರ್, ನೀವಾ ಗೆದ್ರಲ್ಲ?" ಎಂದೆ.

"ಇನ್ನ ಗುರು ಬರ್ತಾನ, ಶನಿ ಬರ್ತಾನ. ಒಬ್ಬೊಬ್ಬರಿಗೂ ಜಾಮೀನು ನಿಲ್ಲಾಕ ನನ್ನ ಕೈಲಿ ಆಗಂಗಿಲ್ಲೋ ತಮ್ಮ."

ಅಂದು ಮಾತ್ರ ಕೊನೆಗೆ "ನೋಡ್ರಿ ಬೇಕಾದ್ರ" ಬರಲಿಲ್ಲ. ಸ್ಟ್ಯಾಂಡನ್ನು ಕೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಹೋದರು.

ಬೆಳಕು ಹೋಗಲಿಲ್ಲ. "ಹೋಗೂವಾಗ ಆಫ್ ಮಾಡಿಲ್ಲ ನೋಡು" ಎಂದ ದೊಡ್ಡಪ್ಪ. ಕೆಲವು ವಾರಗಳಲ್ಲಿ ಶುಕ್ರ ಗುಡ್ಡದ ಹಿಂದೆ ಜಾರಿ ಕಾಣದಾದಾಗ, "ನೋಡಿದ್ಯಾ? ಕೆಲಸ ಮುಗೀತು, ತಗದ" ಎಂದ. ಹೊಲ ಇವತ್ತಿಗೂ ದೊಡ್ಡಪ್ಪನದೇ. ತನ್ನ ಕಾವಲಿನಿಂದಲೇ ಅದು ಉಳಿಯಿತೆಂದು ಅವನ ನಂಬಿಕೆ.

ಮೊನ್ನೆ ಬಾಮು ಹಚ್ಚಿಸಿಕೊಂಡವನು ಸುಮ್ಮನೆ ಮಾಳಿಗೆಗೆ ಹೋದೆ. ಮೇಲಿನ ಕೋಣೆಗೆ ಈಗ ಬೀಗ. ಗುಡ್ಡದ ನೆತ್ತಿಗೆ ಮತ್ತೆ ಅದೇ ಬೆಳಕು. ಎದುರಿನ ಕಟ್ಟೆಯಿಂದ ದೊಡ್ಡಪ್ಪ ಕೂಗಿದ: "ಬಂತಲ್ಲೋ ಮತ್ತ! ಈಗ ಯಾರನ್ನ ಇಟ್ಕೊಂಡೀರಿ ಮ್ಯಾಲೆ?"

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಮೂಗಿನಿಂದ ದನಿ ತೆಗೆದೆ: "ಅದು ಶುಕ್ರರೀ. ನೋಡ್ರಿ ಬೇಕಾದ್ರ."

ಬೈಗುಳಕ್ಕೆ ಕಾದೆ. ದೊಡ್ಡಪ್ಪ ಕಟ್ಟೆ ಬಿಟ್ಟು ಎದ್ದ. ಮಬ್ಬಿನಲ್ಲಿ ಹಣೆಗೆ ಕೈ ಅಡ್ಡ ಹಿಡಿದು ನಮ್ಮ ಮಾಳಿಗೆಯನ್ನೇ ನೋಡಿದ.

"ಸರ್ರ... ಬಂದೀರೇನ್ರಿ?"

ಆ ಕೇಳಿಕೆಯಲ್ಲಿ ಅನುಮಾನ ಎಷ್ಟಿತ್ತು, ಆಸೆ ಎಷ್ಟಿತ್ತು... ಊರವರ ದನಿಯನ್ನೆಲ್ಲ ಹಿಡಿಯುವ ನನಗೂ ಅದು ಸಿಗಲಿಲ್ಲ.

"ಇಲ್ಲ ದೊಡ್ಡಪ್ಪ, ನಾನು" ಎಂದೆ, ನನ್ನ ದನಿಯಲ್ಲೇ.