ಬೆಂಡೆಕಾಯಿಯ ನಂಬರು
ಕುಮಾಸಿ ನಗರದ ನಮ್ಮ ಬೀದಿಯಲ್ಲಿ ಜಡೆ ಹೆಣೆಯುವ ಅಂಗಡಿ ಇಟ್ಟಿರುವ ಕೊನಾಡು, ಗಿರಾಕಿಗಳ ನಂಬರುಗಳಿರುವ ಫೋನನ್ನು ರವಿಕೆಯೊಳಗೇ ಇಟ್ಟುಕೊಳ್ಳುತ್ತಾಳೆ. ಅದು ಬಿಸಿಯಾದರೆ ಎದೆಗೆ ಗಾಳಿ ಬೀಸಿಕೊಳ್ಳುತ್ತಾಳೆಯೇ ಹೊರತು ಹೊರಗಿಡುವುದಿಲ್ಲ. ಹಿಂದೊಮ್ಮೆ ಕೆಲಸದವಳೊಬ್ಬಳು ನಂಬರುಗಳನ್ನೆಲ್ಲ ಬರೆದುಕೊಂಡು ಹೋಗಿ ಎದುರು ಸಾಲಿನಲ್ಲೇ ಅಂಗಡಿ ತೆರೆದಳು. ಅಂದಿನಿಂದ ಆ ಫೋನಿನಲ್ಲಿ ಯಾರ ಹೆಸರೂ ಇಲ್ಲ, ಬರೀ ತರಕಾರಿ. ಬ್ಯಾಂಕಿನ ಮ್ಯಾನೇಜರಮ್ಮ ಕುಂಬಳಕಾಯಿ, ಪಾದ್ರಿಯ ಹೆಂಡತಿ ಬದನೆಕಾಯಿ, ನಾನು ಈರುಳ್ಳಿ. ಯಾಕೆಂದು ಕೇಳಿದ್ದಕ್ಕೆ, "ನಿನ್ನ ತಲೆ ಮುಟ್ಟಿದ್ರೆ ನಂಗೇ ಕಣ್ಣೀರು ಬರುತ್ತೆ ಕಣೇ" ಎಂದಳು. ಗಿರಾಕಿ ಫೋನ್ ಮಾಡಿದರೆ ಬೀದಿಗೆ ಓಡಿ, ವ್ಯಾನುಗಳ ಹಾರನ್ನಿನ ನಡುವೆ ನಿಂತು ಪಿಸುಗುಟ್ಟುತ್ತಾಳೆ. ಆ ಕಡೆಯವರಿಗೆ ಕೇಳಿಸದೆ, ಕೊನೆಗೆ ಅವಳು ಕೂಗುವುದು ಇಡೀ ಬೀದಿಗೆ ಕೇಳಿಸುತ್ತದೆ. ಅಂಗಡಿಯ ಕೆಲಸದ ಹುಡುಗಿಯರು ಗಿರಾಕಿಯೊಡನೆ ನಾಲ್ಕು ಮಾತಾಡಿದರೆ, "ಕೈ ಆಡ್ಲಿ, ಬಾಯಲ್ಲ" ಎನ್ನುತ್ತಾಳೆ. ಹೋದ ಈಸ್ಟರಿಗೆ ಮುಂಚೆ ಮಲೇರಿಯಾ ಬಂದು ಎರಡು ವಾರ ಮಲಗಿದಳು, ಫೋನು ದಿಂಬಿನಡಿಯಲ್ಲಿತ್ತು. ಅಂಗಡಿ ಭಣಗುಡುತ್ತಿರುತ್ತದೆಂದು ಹೆದರಿಕೊಂಡೇ ಬಂದರೆ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. "ಇವರನ್ನೆಲ್ಲ ಯಾರೇ ಕರೆದಿದ್ದು?" ಎಂದಳು. ಹುಡುಗಿಯರೆಲ್ಲ ಜಡೆಯೊಳಗೆ ಮುಳುಗಿಹೋದರು. ಅವಳು ಮತ್ತೆ ಕೇಳಲಿಲ್ಲ. ಫೋನು ಈಗಲೂ ರವಿಕೆಯೊಳಗೇ ಇದೆ. ಆದರೆ ಮೊನ್ನೆ ಅದನ್ನು ತೆಗೆದು, ಬಹಳ ಹೊತ್ತು ದಿಟ್ಟಿಸಿ, "ಪೊಮಾ, ಈ ಬೆಂಡೆಕಾಯಿ ಯಾರೇ?" ಎಂದು ಮೆಲ್ಲಗೆ ಕೇಳಿದಳು. ಏಳು ವರ್ಷದಿಂದ ಅಲ್ಲೇ ದುಡಿಯುತ್ತಿರುವ ಪೊಮಾ ಹೆಣೆಯುತ್ತಿದ್ದ ಜಡೆಯಿಂದ ಕಣ್ಣೆತ್ತದೆ, "ನರ್ಸ್ ಅಫ್ರಿಯೆ, ಮೇಡಂ. ಆ ನಂಬರು ಹಳೇದು. ಹೊಸದು ಹೇಳ್ತೀನಿ, ಬರ್ಕೊಳ್ಳಿ" ಎಂದಳು.