ಕಾಶವ್ವನ ಸುಣ್ಣದ ತಿಳಿ

ಬೆಳಕು ಇನ್ನೂ ಕೋಟೆಯ ಗೋಡೆ ಹತ್ತಿಲ್ಲ. ಕಂದಕದ ಎದುರಿಗಿರುವ ವಕೀಲ ಮಾರ್ತಾಂಡರಾಯರ ಪಡಸಾಲೆಯಲ್ಲಿ ಕಾಶವ್ವ ಸುಣಗಾರ ಗಾಜಿನ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಹನಿ ಎಣಿಸುತ್ತಿದ್ದಾಳೆ. ತೊಟ್ಟಿಯಲ್ಲಿರುವುದು ಸಮುದ್ರದ ನೀರು, ಅದರೊಳಗೆ ಸಮುದ್ರದ್ದೇ ಏಳು ಮೀನು. ಮೇಲೆ ತೂಗುಬಿಟ್ಟ ಮಡಕೆಯ ತೂತಿಗೆ ಅರಳೆಯ ಬತ್ತಿ. ಗುಡಿಯಲ್ಲಿ ಲಿಂಗದ ಮೇಲೆ ಹನಿಯುವ ಪಾತ್ರೆಯ ಹಾಗೆಯೇ. ಇಲ್ಲಿ ಹನಿಯುವುದು ಮಾತ್ರ ಸುಣ್ಣದ ತಿಳಿನೀರು.

ಬೆಳಗಾವಿಗೆ ಸಮುದ್ರವಿಲ್ಲ. ಸರ್ಕಾರ ಈ ಕೊರತೆಯನ್ನು ಗಮನಿಸದಿದ್ದುದರಿಂದ ರಾಯರು ತಾವೇ ನೀಗಿಸಿದ್ದಾರೆ. ನೀರು ಮಾರ್ಮುಗೋವಾ ಬಂದರಿನಿಂದ ದೊಡ್ಡ ಗಾಜಿನ ಬುರುಡೆಗಳಲ್ಲಿ ರೈಲು ಹತ್ತಿ ಬರುತ್ತದೆ. ಗಡಿಯ ಸುಂಕದವನೊಬ್ಬ ಗೋವೆಯ ಫೇಣಿ ಸಾರಾಯಿ ಇರಬೇಕೆಂದು ಶಂಕಿಸಿ ಒಂದು ಗುಟುಕು ಕುಡಿದ. ಎರಡನೆಯ ಸಲ ಶಂಕಿಸಲಿಲ್ಲ.

ನೀರು ತರುವುದು ಸುಲಭ, ಕೆಡದಂತೆ ಕಾಯುವುದು ಕಷ್ಟ. ಮೀನಿನ ಉಸಿರು, ಹೊಲಸು ಸೇರಿ ನೀರು ದಿನವೂ ಹುಳಿಯ ಕಡೆ ವಾಲುತ್ತದೆ. ಸುಣ್ಣ ಅದನ್ನು ಹಿಂದಕ್ಕೆ ಎಳೆಯುತ್ತದೆ. ಕಡಿಮೆಯಾದರೆ ಮೀನು ಸೊರಗುತ್ತವೆ, ಒಮ್ಮೆಲೇ ಹೆಚ್ಚಾದರೆ ಸಾಯುತ್ತವೆ. ದಿನಕ್ಕೆ ಎರಡು ಸೇರು ನೀರು ಆರುತ್ತದೆ. ಎರಡು ಸೇರು ತಿಳಿ ಹನಿಯಬೇಕು. "ಒಂದ ಅಡಿಕಿ ಅಗದು ಮುಗಸೂದ್ರಾಗ ಇನ್ನೂರು ಹನಿ," ಎನ್ನುತ್ತಾಳೆ ಕಾಶವ್ವ. "ಹೆಚ್ಚಾತಂದ್ರ ಬತ್ತಿ ಬಿಗಿ ಮಾಡ್ತೀನ್ರಿ."

ತವರು ಖಾನಾಪುರ, ತಂದೆಯದು ಸುಣ್ಣದ ಭಟ್ಟಿ. ಗಂಡ ಪ್ಲೇಗಿನಲ್ಲಿ ಹೋದ ಮೇಲೆ ಹದಿನಾರು ವರ್ಷ ಅಲ್ಲೇ ದುಡಿದಳು. ಅಂಗೈಯ ಗೆರೆಗಳನ್ನು ಸುಣ್ಣ ತಿಂದುಹಾಕಿದೆ. "ಜೋತಿಷಿ ನನ್ನ ಕೈ ನೋಡಿ ವಾಪಸ್ ಕೊಟ್ಟಾನ್ರಿ, ಓದಾಕ ಏನೂ ಉಳದಿಲ್ಲಂತ."

ಹೋದ ಕಾರ್ತಿಕದಲ್ಲಿ ಮೀನು ಒಂಬತ್ತಿದ್ದವು. ಪುಣೆಯಲ್ಲಿ ರಸಾಯನಶಾಸ್ತ್ರ ಓದುವ ರಾಯರ ಅಳಿಯ ಅವಧೂತ ರಜೆಗೆ ಬಂದವನು ನಸುಕಿನಲ್ಲಿ ಹುಳಿ ಪರೀಕ್ಷಿಸುವ ಬಣ್ಣದ ಕಾಗದವನ್ನು ತೊಟ್ಟಿಗೆ ಅದ್ದಿದ. ಬಣ್ಣ ಪೇಲವವಾಗಿ ಬಂತು. ನೀರು ಹುಳಿಯಾಗುತ್ತಿದೆ ಎಂದು ಗಾಬರಿಯಾಗಿ ಒಂದು ತಂಬಿಗೆ ಸುಣ್ಣದ ಹಾಲನ್ನು ಗಳಗಳ ಸುರಿದ. ತೊಟ್ಟಿ ಮಜ್ಜಿಗೆಯಾಯಿತು, ಮಧ್ಯಾಹ್ನಕ್ಕೆ ಎರಡು ಮೀನು ಹೊಟ್ಟೆ ಮೇಲೆ ಮಾಡಿದವು.

"ರಾತ್ರಿಯೆಲ್ಲಾ ಉಸರ ಬಿಟ್ಟಿರ್ತಾವು, ಮುಂಜಾನೆ ನೀರಿನ ಬಾಯಿ ಹುಳಿ ಇರ್ತೈತಿ. ನಿಮ್ಮ ಬಾಯಿ ಇರೂದಿಲ್ಲೇನ್ರಿ? ಅದಕ್ಕಂತ ಬುಟ್ಟಿ ಸುಣ್ಣ ತಿಂತೀರೇನು? ಬಿಸಲು ಬಿದ್ದು ಪಾಚಿ ಎಚ್ಚರಾದ್ರ ತಾನ ಸರಿಹೋಗತೈತಿ," ಎಂದಳು ಕಾಶವ್ವ ಅವನಿಗೆ.

ಆದರೆ ಮೀನು ಸತ್ತದ್ದಕ್ಕೆ ಮನೆಯವರೆಲ್ಲ ದೂರಿದ್ದು ಕಾಶವ್ವನ ಕೈಗುಣವನ್ನು. ಇನ್ನು ಅವಧೂತ ಅಳತೆ ಬರೆದಿಡುವುದು, ಆಳು ಅದರಂತೆ ಸುರಿಯುವುದು, ಕಾಶವ್ವ ಕಸ ಗುಡಿಸುವುದು ಎಂದು ರಾಯರು ತೀರ್ಪು ಕೊಟ್ಟರು. ಅವಳು ಕಸಬರಿಗೆಯನ್ನು ಅವರ ಮೇಜಿಗೆ ಆನಿಸಿಟ್ಟಳು. "ಮಡಕಿ ನನ್ನ ಕೈಯಾಗಿದ್ರ ನಾ ಇರ್ತೀನಿ. ಇಲ್ಲಂದ್ರ ಖಾನಾಪುರ ಏನ್ ದೂರಿಲ್ಲ." ಅಂದೇ ರೈಲು ಹತ್ತಿದಳು.

ಐದನೆಯ ದಿನ ರಾಯರು ಕರಿಕೋಟು ಹಾಕಿಕೊಂಡು ಖಾನಾಪುರದ ಭಟ್ಟಿಯ ಮುಂದೆ ನಿಂತರು. ಕೋಟು ಕ್ಷಣದಲ್ಲಿ ಬಿಳಿಯಾಯಿತು.

"ನಡಿ ಕಾಶವ್ವಾ. ಮೀನ ಬಾಯಿ ಬಿಟಗೊಂಡು ಮ್ಯಾಲ ಬರಾಕತ್ಯಾವು."

"ಅಳತಿ ಬರದ ಕಾಗದ ಐತೆಲ್ಲ, ಅವಕ್ಕ ತೋರಸ್ರಿ."

"ಖರೇ ಹೇಳತೀನಿ, ಮಡಕಿ ನಿಂದ. ಇನ್ನ ಯಾರೂ ಮುಟ್ಟೂದಿಲ್ಲ."

"ಅದನ್ನ ಅವಧೂತಪ್ಪನ ಬಾಯಿಂದ ಹೇಳಸ್ರಿ."

ಹೇಳಿಸಿದರು. ಹೇಗೆಂಬುದು ಮನೆಯ ಗುಟ್ಟು. ಅಂದಿನಿಂದ ಒಂದು ಮೀನೂ ಸತ್ತಿಲ್ಲ.

ಮುಂದಿನ ವಾರ ಕಲೆಕ್ಟರ್ ಸಾಹೇಬರು ತೊಟ್ಟಿ ನೋಡಲು ಬರುತ್ತಾರೆ. ಅದಕ್ಕಾಗಿ ಹಿತ್ತಾಳೆಯ ಫಲಕವೊಂದು ಸಿದ್ಧವಾಗುತ್ತಿದೆ: ಮೀನುಗಳ ಲ್ಯಾಟಿನ್ ಹೆಸರು, ರಾಯರ ಹೆಸರು, ಕೆಳಗೆ 'ಶಾಸ್ತ್ರೀಯ ವ್ಯವಸ್ಥೆ: ಅವಧೂತ'. ಕಾಶವ್ವನಿಗೆ ಓದು ಬಾರದು. ಕೆತ್ತುವವನಿಂದ ಓದಿಸಿಕೊಂಡು ಬಂದು, ಇನ್ನೊಂದು ಸಾಲಿಗೆ ಜಾಗವಿದೆ ಎಂದು ರಾಯರಿಗೆ ತಿಳಿಸಿದ್ದಾಳೆ.

"ಕೆಲಸದವ್ರ ಹೆಸರು ಹಿತ್ತಾಳಿ ಮ್ಯಾಲ ಯಾರ ಹಾಕಸ್ತಾರ, ಕಾಶವ್ವಾ?" ರಾಯರು ನಗಲು ನೋಡುತ್ತಾರೆ.

ಅವಳು ಬತ್ತಿ ಬಿಗಿ ಮಾಡುತ್ತಿದ್ದಾಳೆ, ತಿರುಗುವುದಿಲ್ಲ.

"ಮೀನ ಸತ್ತ ದಿವ್ಸ ಈ ಮನ್ಯಾಗ ಎಲ್ಲಾರ ಬಾಯಾಗೂ ನನ್ನ ಹೆಸರ ಇತ್ತಲ್ರಿ ರಾಯರ. ಆವಾಗ ಯಾರಿಗೂ ತ್ರಾಸ ಆಗಲಿಲ್ಲ."