ತಂಬಿಗೆಯ ಜಾಗ

ನಮ್ಮ ಮಾರ್ಥತ್ತೆಯ ಅಡುಗೆಮನೆಯ ಗೋಡೆಯ ಮಾಡದಲ್ಲಿ ಒಂದು ದುಂಡನೆಯ ಗುರುತಿದೆ. ಒಂದೇ ತಾಮ್ರದ ತಂಬಿಗೆ ವರ್ಷಗಟ್ಟಲೆ ಒಂದೇ ಕಡೆ ಕೂತು ಕೂತು ಕಲ್ಲಿನ ಮೇಲೆ ಮೂಡಿದ ಗುರುತು. ಈಗ ಅಲ್ಲಿ ತಂಬಿಗೆಯಿಲ್ಲ. ಬಂದವರು ನೀರು ಕೇಳಿದರೆ ಅತ್ತೆಯ ಕೈ ಅಭ್ಯಾಸಬಲದಿಂದ ಆ ಕಡೆಗೇ ಚಾಚಿ, ಏನೂ ಸಿಗದೆ, ಮೂಲೆಯ ಪ್ಲಾಸ್ಟಿಕ್ ಕ್ಯಾನಿನತ್ತ ತಿರುಗುತ್ತದೆ. ತಂಬಿಗೆ ಎಲ್ಲಿಗೆ ಹೋಯಿತೆಂದು ನೀವು ಕೇಳಿಲ್ಲ, ನಿಜ. ಆದರೆ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ನನ್ನಂಥವಳಿಗೆ ಕೇಳದ ಪ್ರಶ್ನೆಗೂ ಉತ್ತರ ಹೇಳುವ ಚಟ ಸುಲಭಕ್ಕೆ ಬಿಡುವುದಿಲ್ಲ.

ನಾವು ಇಳಕಲ್ಲಿನ ಒಂದು ಸಣ್ಣ ಕ್ರೈಸ್ತ ಸಭೆಯವರು. ಮಗ್ಗದ ಮನೆಗಳಿಂದ ಬಂದವರೇ ಹೆಚ್ಚು, ಈಚೆಗೆ ಕಲ್ಲಿನ ಉದ್ಯೋಗಕ್ಕೆ ಹೊರಳಿದವರೂ ಇದ್ದಾರೆ. ಸುಗ್ಗಿ ಮುಗಿದ ಮೇಲೆ ಒಂದು ಭಾನುವಾರ ಬೆಳೆಹಬ್ಬ ಮಾಡುತ್ತೇವೆ. ಜೋಳದ ತೆನೆ, ಕುಂಬಳಕಾಯಿ, ಕಾಲು ಕಟ್ಟಿದ ಹುಂಜ, ಯಾರದೋ ಮನೆಯ ಉಪ್ಪಿನಕಾಯಿ, ಎಲ್ಲವೂ ಪೀಠದ ಮುಂದೆ ಬಂದು ಕೂರುತ್ತವೆ. ಆರಾಧನೆ ಮುಗಿದೊಡನೆ ಅಂಗಳದಲ್ಲಿ ಅವುಗಳ ಹರಾಜು. ನಮ್ಮ ಕಡೆ ಅದಕ್ಕೆ ಲಿಲಾವು ಎನ್ನುತ್ತಾರೆ. ದೇವರಿಗೆ ಒಪ್ಪಿಸಿದ್ದನ್ನು ಯಾರೂ ಬೇಡವೆನ್ನುವಂತಿಲ್ಲ, ಕೂಗಿ ಪಡೆದವರು ಅಲ್ಲೇ ಬಿಟ್ಟು ಹೋಗುವಂತಿಲ್ಲ. ಪದಾರ್ಥವನ್ನು ಮನೆಗೊಯ್ದು, ಪಾತ್ರೆಯನ್ನು ಅದರ ಒಡೆಯರಿಗೆ ಮರಳಿಸಬೇಕು, ಅದೂ ಒಳಗೆ ಏನಾದರೂ ಹಾಕಿ. ಬರಿದಾದ ಪಾತ್ರೆ ಮರಳಿಸುವುದು ನಮ್ಮ ಸೀಮೆಯಲ್ಲಿ ಯಾವ ಧರ್ಮದವರಿಗೂ ಒಗ್ಗದ ಮಾತು.

ಇನ್ನು ಸಾಮುವೇಲಪ್ಪ. ನನ್ನ ಓರಗೆಯವನು, ಸಭೆಯ ಹಿರಿಯ, ಹಳ್ಳದ ಮೇಲ್ಗಡೆ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯ ಮಾಲೀಕ. ದೇವಾಲಯದ ಚಾವಣಿ ಸೋರಿದರೆ ಮೊದಲು ಬರುವವನು ಅವನು. ಯಾರಾದರೂ ಅವಸರಕ್ಕೆ ದವಾಖಾನೆಗೆ ಹೋಗಬೇಕೆಂದರೆ ಹೊರಡುವುದು ಅವನದೇ ಗಾಡಿ. ಇಂಥವನ ಮೇಲೆ ಸಿಟ್ಟು ಮಾಡುವುದು ಎಷ್ಟು ಕಷ್ಟವೆಂದು ನೀವೇ ಯೋಚಿಸಿ. ಅವನ ಕಾರ್ಖಾನೆಯ ಕಲ್ಲುಹಿಟ್ಟಿನ ನೀರು ಹಳ್ಳಕ್ಕೆ ಹರಿಯುತ್ತಿತ್ತು. ಮೊದಲಾದರೆ ಅಲ್ಲೇ ಗುಂಡಿಗಳಲ್ಲಿ ಒಣಗಿ ಕೂರುತ್ತಿತ್ತು. ಈಗ ಮಳೆಗೆ ಹದವೆಂಬುದೇ ಉಳಿದಿಲ್ಲ. ತಿಂಗಳುಗಟ್ಟಲೆ ಮುಖ ತೋರಿಸದೆ, ಬಂದರೆ ಎಲ್ಲವನ್ನೂ ಒಂದೇ ಪೆಟ್ಟಿಗೆ ಸುರಿದು ಹೋಗುತ್ತದೆ. ಹಾಗೊಮ್ಮೆ ಸುರಿದಾಗ ಹಳ್ಳ ಉಕ್ಕಿ, ಆ ಕೆಸರೆಲ್ಲ ಅತ್ತೆಯ ಓಣಿಯ ಬಾವಿಗಿಳಿಯಿತು. ಪಕ್ಕದ ಮನೆಯ ಹಸೀನಾಬಿ ಸೀರೆಯ ನೂಲಿಗೆ ಬಣ್ಣ ಹಾಕುವುದು ಅದೇ ನೀರಿನಲ್ಲಿ. ಕ್ಯಾನಿನ ನೀರನ್ನು ಕುಡಿಯಲಾದೀತು, ನೂಲು ತೊಳೆಯಲಾದೀತೇ? ಆ ಮನೆಯವರು ಓಣಿ ಬಿಟ್ಟು ಹೋಗುವ ಮಾತಾಡತೊಡಗಿದರು.

ನಾವೇನು ಸುಮ್ಮನಿದ್ದೆವೆಂದು ತಿಳಿಯಬೇಡಿ. ಆ ವರ್ಷವೇ ಸೃಷ್ಟಿಯ ಕಾಳಜಿಗೆಂದು ಒಂದು ಭಾನುವಾರ ಮೀಸಲಿಟ್ಟೆವು. ದೂರದಿಂದ ಬಂದವರೊಬ್ಬರು ಕರಗುವ ಹಿಮದ ಚಿತ್ರ ತೋರಿಸಿದರು. ಹಿಮವನ್ನು ಫ್ರಿಜ್ಜಿನೊಳಗಷ್ಟೇ ಕಂಡ ನಾವು ಕಣ್ಣೊರೆಸಿಕೊಂಡೆವು. ಬಿಳಿ ಕರಡಿಗಾಗಿ ಪ್ರಾರ್ಥಿಸಿದೆವು, ಸಾಮುವೇಲಪ್ಪನಂತೂ ಮನಸ್ಸಿಟ್ಟು ಪ್ರಾರ್ಥಿಸಿದ. ಕರಡಿಗೆ ಒಳ್ಳೆಯದಾಗಲಿ. ಆದರೆ ಪಕ್ಕದ ಬೆಂಚಿನಲ್ಲಿ ಕೂತ ಪ್ರೀತಿಯ ಮನುಷ್ಯನಿಗೆ ಇದು ನಿನ್ನಿಂದ ಆದದ್ದು ಎಂದು ಹೇಳುವ ನಾಲಿಗೆ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅವನ ಉಪಕಾರ ಎಲ್ಲರ ಮನೆಯಲ್ಲೂ ಒಂದಿಷ್ಟು ಇತ್ತು.

ಆ ಸಲದ ಬೆಳೆಹಬ್ಬಕ್ಕೆ ಅತ್ತೆ ಎಂದಿನಂತೆ ಬಿಳಿ ಬಟ್ಟೆ ಮುಚ್ಚಿದ ತಂಬಿಗೆ ತಂದಿಟ್ಟಳು. ಪ್ರತಿ ವರ್ಷ ಅದರಲ್ಲಿರುತ್ತಿದ್ದುದು ಅವಳೇ ಕಾಸಿದ ತುಪ್ಪ. ಚಿಕ್ಕಂದಿನಲ್ಲಿ ಸಂಡೇ ಸ್ಕೂಲಿನಲ್ಲಿ ತನಗೆ ಕಲಿಸಿದವಳೆಂಬ ಅಭಿಮಾನಕ್ಕೆ ಸಾಮುವೇಲಪ್ಪ ಅದನ್ನು ಬೇರೆಯವರಿಗೆ ಬಿಟ್ಟುಕೊಟ್ಟವನೇ ಅಲ್ಲ. ಬಟ್ಟೆ ಸರಿಸುವ ಮೊದಲೇ ಕೂಗಿಬಿಡುವುದು ಅವನ ರೂಢಿ. ಅಂದೂ ಕೂಗಿದ, ತಂಬಿಗೆ ಅವನದಾಯಿತು. ಬಟ್ಟೆ ಸರಿಸಿದರೆ ಒಳಗೆ ಮಜ್ಜಿಗೆಯಂಥ ನೀರು.

“ಅಕ್ಕೋರ, ಇದೇನ್ರಿ?”

“ನಮ್ಮ ಓಣಿದು ಈ ವರ್ಷದ ಬೆಳಿ, ಸಾಮ್ಯಾ. ಬಾವ್ಯಾಗ ಇದ್ದದ್ದನ್ನ ತಂದೇನಿ. ದೇವ್ರ ಮುಂದ ಸುಳ್ಳ ಹೆಂಗ ಇಡ್ಲಿ? ಒಯ್ಯಿ. ತಂಬಿಗಿ ಮಾತ್ರ ಬರಿದ ಕಳಸಬ್ಯಾಡ.”

ಅಂಗಳದಲ್ಲಿ ಆಮೇಲೆ ಬಾಯಿಬಿಟ್ಟದ್ದು ಕಾಲು ಕಟ್ಟಿದ ಹುಂಜವೊಂದೇ.

ಆ ವಾರವೇ ತಂಬಿಗೆ ತುಂಬ ಸಕ್ಕರೆ ಬಂತು. ಅತ್ತೆ ಹಾಗೆಯೇ ಮರಳಿ ಕಳಿಸಿದಳು. ಗೋಡಂಬಿ ಬಂತು, ಅದೂ ಮರಳಿತು. ಕೊನೆಗೆ ಸಾಮುವೇಲಪ್ಪ ತಾನೇ ಬಂದು ಬಾಗಿಲಲ್ಲಿ ನಿಂತ. “ನೀರ ಒಯ್ದಿ, ನೀರ ತಾ,” ಎಂದಳು ಅತ್ತೆ. “ಅದ ಬಾವಿದು ಆಗಬೇಕು. ಹಸೀನಾ ನೂಲ ಅದ್ದೂವಂಥಾದ್ದು ಆಗಬೇಕು.” ಹೇಳಿದವಳೇ ತಾಟು ಹಾಕಿ, ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬಡಿಸಿದಳು. ಬೈಸಿಕೊಂಡವನು ತಲೆ ಬಗ್ಗಿಸಿ ಎಂದಿಗಿಂತ ಒಂದು ರೊಟ್ಟಿ ಹೆಚ್ಚೇ ತಿಂದ. ನ್ಯಾಯ ಕೇಳುವವರು ಮುಖ ಗಂಟಿಕ್ಕಿಕೊಂಡಿರಬೇಕೆಂದು ಅಲ್ಲಿಯವರೆಗೆ ನಾನು ನಂಬಿದ್ದೆ. ಅತ್ತೆಯ ಬೇಡಿಕೆಯಲ್ಲಿ ಒಂದು ಹನಿ ರಿಯಾಯಿತಿ ಇರಲಿಲ್ಲ, ರೊಟ್ಟಿಗೆ ಹಚ್ಚಿದ ಬೆಣ್ಣೆಯಲ್ಲೂ ಕೊರತೆಯಿರಲಿಲ್ಲ. ಅವಳನ್ನು ಅಂದು ನಾನು ಎಷ್ಟು ಪ್ರೀತಿಸಿದೆನೆಂದರೆ, ಎದ್ದು ಹೋಗಿ ಸುಮ್ಮನೆ ಪಾತ್ರೆ ತೊಳೆಯತೊಡಗಿದೆ.

ಸಾಮುವೇಲಪ್ಪ ಹಳ್ಳಕ್ಕೆ ಹರಿಯುವ ದಾರಿ ಮುಚ್ಚಿಸಿದ. ಹಿಟ್ಟು ತಳಕ್ಕಿಳಿದು, ತಿಳಿಯಾದ ನೀರು ಮತ್ತೆ ಕಲ್ಲು ಉಜ್ಜುವುದಕ್ಕೇ ಬರುವಂತೆ ತೊಟ್ಟಿಗಳನ್ನು ಕಟ್ಟಿಸಿದ. ಬಾವಿಯ ಕೆಸರೆತ್ತುವಾಗ ಪ್ಯಾಂಟು ಮಡಚಿ ಮುಂದೆ ನಿಂತ. ಈಗಂತೂ ಉಳಿದ ಕಾರ್ಖಾನೆಯವರ ಮನೆಗಳಿಗೂ ಅತ್ತೆಯನ್ನು ತನ್ನ ಗಾಡಿಯಲ್ಲೇ ಕರೆದೊಯ್ಯುತ್ತಾನೆ. ಅವಳ ಕೈಯಲ್ಲಿ ಬಟ್ಟೆ ಮುಚ್ಚಿದ ಪಾತ್ರೆ ಕಂಡರೆ ಕಲ್ಲಿನ ಸಾಹುಕಾರರು ಹೌಹಾರುತ್ತಾರಂತೆ.

ಹೋದ ಮಳೆಗಾಲ ಮುಗಿದ ಮೇಲೆ ಸಾಮುವೇಲಪ್ಪ ತಂಬಿಗೆಯ ತುಂಬ ಬಾವಿ ನೀರು ಹಿಡಿದು ಬಂದ. ಅತ್ತೆ ಅದನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಬೆಳಕಿಗೆ ಹಿಡಿದಳು. ಎಷ್ಟೋ ತಿಳಿಯಾಗಿತ್ತು, ಆದರೆ ತಳದಲ್ಲಿ ತೆಳ್ಳಗೆ ಬಿಳಿಪು ಕೂತಿತು. ಹಸೀನಾಬಿ ಬಿಳಿ ನೂಲಿನೆಳೆಯೊಂದನ್ನು ಅದ್ದಿ, ಬೆರಳಲ್ಲಿ ತಿಕ್ಕಿ ನೋಡಿದಳು. “ಇನ್ನೊಂದ ಮಳಿ ನೋಡೂಣು ಬಿಡ್ರಿ ಅಕ್ಕಾ,” ಎಂದಳು. “ಅಲ್ಲೀತನಕ ಎಲ್ಲೂ ಹೋಗೂದಿಲ್ಲ ನಾವು.” ಅತ್ತೆ ನೀರನ್ನು ನುಗ್ಗೆಗಿಡದ ಬುಡಕ್ಕೆ ಸುರಿದು, ತಂಬಿಗೆಯನ್ನು ಮತ್ತೆ ಅವನ ಕೈಗಿತ್ತಳು. ಬರಿದಾಗಿ ಕೊಡಬಾರದಲ್ಲ, ಶೇಂಗಾ ಉಂಡಿ ತುಂಬಿದ್ದಳು. ಅವನು ಅದನ್ನು ಎದೆಗವಚಿಕೊಂಡು ಹೋದ.

ಮೊನ್ನೆ ಮಾಡ ಒರೆಸುತ್ತಿದ್ದೆ. ಬರಿದಾದ ಜಾಗ ಕಣ್ಣಿಗೆ ಚುಚ್ಚಿ, ಆ ದುಂಡು ಗುರುತಿನ ಮೇಲೆ ಸ್ಟೀಲಿನ ತಂಬಿಗೆಯೊಂದನ್ನು ಇಡಹೋದೆ. ಅತ್ತೆ ಬಂದು ನನ್ನ ಕೈ ಹಿಡಿದಳು.

“ಅಲ್ಲಿ ಇಡಬ್ಯಾಡವಾ. ಸಾಮ್ಯಾ ತರತಾನ.”